ಊರಿನ ಲೈಸೆನ್ಸ್, ಜರ್ಮನಿಯ ಬಾಡಿಗೆ ಕಾರು: ಓದಲು ಹೋದವರು ಗೆಳೆಯರೊಡನೆ ರಸ್ತೆ ಪ್ರವಾಸ ಮಾಡುವ ಕ್ರಮ

ಶಿರಸಿ, ಕುಮಟಾ, ಕಾರವಾರದ ಕಡೆಯಿಂದ ಎಂ.ಎಸ್. ಓದಲು ಜರ್ಮನಿಗೆ ಹೋದವರ ಪ್ರವಾಸ ಹೆಚ್ಚಾಗಿ ಬಾಡಿಗೆ ಕಾರಿನ ಕೌಂಟರಿನಲ್ಲೇ ಕೆಡುತ್ತದೆ. ರೂಮು ಬುಕ್ ಆಗಿರುತ್ತದೆ, ರಜೆ ಹೊಂದಿಸಿಕೊಂಡಾಗಿರುತ್ತದೆ, ನಾಲ್ಕೈದು ಜನ ಬ್ಯಾಗು ಹೊತ್ತು ಬಂದು ನಿಂತಿರುತ್ತಾರೆ. ಕೌಂಟರಿನವರು ಈ ಮೂರರಲ್ಲಿ ಒಂದು ಮಾತು ಹೇಳುತ್ತಾರೆ: ನಿಮ್ಮ ಲೈಸೆನ್ಸ್ ಇಲ್ಲಿ ಈಗ ನಡೆಯುವುದಿಲ್ಲ, ಈ ಕಾರ್ಡ್ ಆಗುವುದಿಲ್ಲ, ಈ ಕಾರನ್ನು ಗಡಿ ದಾಟಿಸುವಂತಿಲ್ಲ. ಅಲ್ಲಿಗೆ ರೂಮಿನ ದುಡ್ಡೂ ಹೋಯಿತು.

ಎಲ್ಲರೂ ಜಾಗದಿಂದ ಶುರು ಮಾಡುವುದೇ ಇದಕ್ಕೆ ಕಾರಣ. ಯಾರು ಓಡಿಸಬಹುದು ಎಂಬುದು ಮೊದಲು ತೀರ್ಮಾನವಾಗಬೇಕು. ಆಮೇಲೆ ಯಾವ ತಿಂಗಳು, ಆಮೇಲೆ ಕಾರು, ಆಮೇಲೆ ದಾರಿ, ಕೊನೆಗೆ ರೂಮು. ಕೆಳಗಿನ ಹಂತಗಳು ಇದೇ ಸಾಲಿನಲ್ಲಿವೆ. ಹಿಂದೆ ಮುಂದೆ ಮಾಡಬೇಡಿ. ನಮ್ಮ ಕಡೆಯ ಮಕ್ಕಳು ಬಹಳ ಜನ ಜರ್ಮನಿಗೆ ಹೋಗುವುದರಿಂದ ಅದನ್ನೇ ಹಿಡಿದು ಬರೆದಿದ್ದೇನೆ. ಬೇರೆ ದೇಶದಲ್ಲಿ ಓದುವವರು ಅಂಕಿಗಳನ್ನು ಆ ದೇಶದ ನಿಯಮದಂತೆ ಬದಲಿಸಿಕೊಳ್ಳಿ, ಕ್ರಮ ಹಾಗೇ ಇರಲಿ.

ಹಂತ 1: ವಿಮಾನ ಹತ್ತುವ ಮೊದಲು ಊರಲ್ಲೇ ಮುಗಿಸಬೇಕಾದ ಕೆಲಸ

ಮೊದಲು ನಿಮ್ಮ ಲೈಸೆನ್ಸ್ ಕಾರ್ಡನ್ನು ತಿರುಗಿಸಿ ನೋಡಿ. ಅದರಲ್ಲಿ ಎಲ್‌ಎಂವಿ, ಅಂದರೆ ಕಾರಿನಂಥ ಹಗುರ ವಾಹನ, ಎಂದು ಇದೆಯೇ? ಕಾಲೇಜಿಗೆ ಬೈಕು, ಸ್ಕೂಟಿ ಓಡಿಸಲೆಂದು ಲೈಸೆನ್ಸ್ ಮಾಡಿಸಿದ ಬಹಳ ಮಂದಿಯ ಕಾರ್ಡಿನಲ್ಲಿ ದ್ವಿಚಕ್ರದ ಹೆಸರು ಮಾತ್ರ ಇರುತ್ತದೆ. ಅಪ್ಪನ ಕಾರನ್ನು ಊರೊಳಗೆ ಓಡಿಸಿ ರೂಢಿಯಿರುವುದರಿಂದ ಇದು ಅವರ ಗಮನಕ್ಕೇ ಬಂದಿರುವುದಿಲ್ಲ. ಕಾರಿನ ಲೈಸೆನ್ಸ್ ಇಲ್ಲದಿದ್ದರೆ ಇವತ್ತೇ ಎಲ್‌ಎಲ್‌ಆರ್‌ಗೆ ಅರ್ಜಿ ಹಾಕಿ. ಎಲ್‌ಎಲ್‌ಆರ್ ಸಿಕ್ಕ 30 ದಿನಗಳ ನಂತರವೇ ಡ್ರೈವಿಂಗ್ ಟೆಸ್ಟ್ ಕೊಡಲು ಸಾಧ್ಯ, ಮತ್ತು ಎಲ್‌ಎಲ್‌ಆರ್ ಆರು ತಿಂಗಳು ಮಾತ್ರ ಊರ್ಜಿತ. ಇನ್ನೊಂದು ಮುಖ್ಯ ಮಾತು: ಯುರೋಪಿನ ಹೆಚ್ಚಿನ ಬಾಡಿಗೆ ಕಂಪನಿಗಳು ಲೈಸೆನ್ಸ್ ಪಡೆದು ಕನಿಷ್ಠ ಒಂದು ವರ್ಷ ಆಗಿರಬೇಕು ಎನ್ನುತ್ತವೆ. ಹಾಗಾಗಿ ಬಿ.ಇ. ಕೊನೆಯ ವರ್ಷಕ್ಕೆ ಕಾಲಿಡುವಾಗಲೇ ಈ ಕೆಲಸ ಮುಗಿದಿರಬೇಕು.

ಎರಡನೆಯದು ಐಡಿಪಿ, ಅಂದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ. ನಿಮ್ಮ ವಿಳಾಸ ಯಾವ ಆರ್‌ಟಿಒಗೆ ಸೇರುತ್ತದೋ ಅಲ್ಲೇ, ಕಾರವಾರವೋ ಶಿರಸಿಯೋ ಹೊನ್ನಾವರವೋ, ಅರ್ಜಿ ಹಾಕಬೇಕು. ನಮೂನೆ 4ಎ, ಶುಲ್ಕ 1,000 ರೂಪಾಯಿ, ಅರ್ಜಿ ಸಾರಥಿ ಪೋರ್ಟಲ್‌ನಲ್ಲಿದೆ. ಲೈಸೆನ್ಸ್, ಪಾಸ್‌ಪೋರ್ಟ್, ವೀಸಾ, ಟಿಕೆಟಿನ ಪ್ರತಿಗಳನ್ನು ಜೊತೆಗಿಟ್ಟುಕೊಂಡೇ ಹೋಗಿ. ಐಡಿಪಿಯ ಆಯಸ್ಸು ಕೊಟ್ಟ ದಿನದಿಂದ ಒಂದೇ ವರ್ಷ, ಇಲ್ಲವೇ ಮೂಲ ಲೈಸೆನ್ಸ್ ಮುಗಿಯುವವರೆಗೆ, ಯಾವುದು ಮೊದಲೋ ಅದು. ತೀರಾ ಮುಂಚೆ ಮಾಡಿಸಿದರೆ ಊರಲ್ಲೇ ಅದರ ತಿಂಗಳುಗಳು ಕಳೆದುಹೋಗುತ್ತವೆ. ವೀಸಾ ಕೈಗೆ ಬಂದ ಮೇಲೆ ಮಾಡಿಸಿ.

ಐಡಿಪಿ ಇದೆಯೆಂದು ಮೂಲ ಲೈಸೆನ್ಸ್ ಮನೆಯಲ್ಲಿ ಬಿಟ್ಟು ಹೋಗುವವರಿದ್ದಾರೆ. ಐಡಿಪಿಗೆ ಒಂಟಿಯಾಗಿ ಬೆಲೆಯಿಲ್ಲ, ಮೂಲ ಕಾರ್ಡ್ ಜೊತೆಗಿರಲೇಬೇಕು. ಮೊಬೈಲಿನ ಡಿಜಿಲಾಕರ್ ತೋರಿಸಿದರೆ ಅಲ್ಲಿ ಯಾರೂ ಒಪ್ಪುವುದಿಲ್ಲ. ಜರ್ಮನಿ ಮುಟ್ಟಿದ ಮೇಲೆ ಎಡಿಎಸಿ ಎಂಬ ವಾಹನ ಸಂಘದಿಂದ ಲೈಸೆನ್ಸಿನ ಜರ್ಮನ್ ಅನುವಾದವನ್ನೂ ಮಾಡಿಸಿಕೊಂಡರೆ ಕೌಂಟರಿನಲ್ಲೂ ಪೊಲೀಸರೆದುರೂ ಚರ್ಚೆ ತಪ್ಪುತ್ತದೆ.

ಮೂರನೆಯದು ಕೈ ಪಳಗಿಸುವುದು. ಹೊರಡುವ ಮೊದಲು ಮನೆಯ ಕಾರಿನಲ್ಲಿ ದೇವಿಮನೆ ಅಥವಾ ಅರಬೈಲ್ ಘಟ್ಟವನ್ನು, ರಸ್ತೆ ತೆರೆದಿರುವಾಗ, ಅನುಭವಿಯೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹತ್ತಿ ಇಳಿಯಿರಿ. ಬ್ರೇಕಿನ ಮೇಲೆ ಕಾಲಿಡದೆ ಗೇರಿನಲ್ಲೇ ಕಾರನ್ನು ಹಿಡಿದಿಡುವುದು ನಿಮ್ಮ ಕಾಲಿಗೆ ಗೊತ್ತಾಗುವ ತನಕ ಮಾಡಿ. ಈ ಅಭ್ಯಾಸ ಮುಂದೆ ಆಲ್ಪ್ಸ್‌ನಲ್ಲಿ ನೇರ ಉಪಯೋಗಕ್ಕೆ ಬರುತ್ತದೆ.

ಹಂತ 2: ಆರು ತಿಂಗಳ ಲೆಕ್ಕ ಹಾಕುವುದು

ಅತಿ ಹೆಚ್ಚು ಜನ ಸೋಲುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ. ಜರ್ಮನಿಯಲ್ಲಿ ನೀವು ವಾಸ ಶುರು ಮಾಡಿದ ದಿನದಿಂದ ಆರು ತಿಂಗಳು ಮಾತ್ರ ಭಾರತದ ಲೈಸೆನ್ಸ್ ನಡೆಯುತ್ತದೆ. ಐಡಿಪಿಯ ಮೇಲೆ ಒಂದು ವರ್ಷ ಎಂದು ಬರೆದಿದ್ದರೂ ಈ ಆರು ತಿಂಗಳು ಬದಲಾಗುವುದಿಲ್ಲ. ಒಟ್ಟು ವಾಸವೇ 12 ತಿಂಗಳು ಮೀರುವುದಿಲ್ಲ ಎಂದು ದಾಖಲೆ ತೋರಿಸಿದವರಿಗೆ, ಉದಾಹರಣೆಗೆ ಎರಡು ಸೆಮಿಸ್ಟರಿನ ವಿನಿಮಯ ವಿದ್ಯಾರ್ಥಿಗಳಿಗೆ, ಅವಧಿ ವಿಸ್ತರಿಸಿಕೊಡುವ ಅವಕಾಶವಿದೆ. ಎರಡು ವರ್ಷದ ಎಂ.ಎಸ್.ಗೆ ಹೋದವರಿಗೆ ಆ ಬಾಗಿಲಿಲ್ಲ.

ಈಗ ಕ್ಯಾಲೆಂಡರ್ ತೆಗೆಯಿರಿ. ಚಳಿಗಾಲದ ಸೆಮಿಸ್ಟರಿಗೆ ಅಕ್ಟೋಬರ್ ಆರಂಭದಲ್ಲಿ ಹೋದರೆ ಏಪ್ರಿಲ್ ಆರಂಭಕ್ಕೆ ನಿಮ್ಮ ಹಕ್ಕು ಮುಗಿಯಿತು. ಆದರೆ ಎಲ್ಲರೂ ಆಸೆಪಡುವ ಆಲ್ಪ್ಸ್‌ನ ಎತ್ತರದ ಘಟ್ಟಗಳು ಹಿಮ ತೆಗೆದು ತೆರೆಯುವುದೇ ಮೇ ತಿಂಗಳಿನಿಂದೀಚೆಗೆ. ಹೋದ ಮೊದಲ ಬೇಸಿಗೆಯಲ್ಲಿ ಊರಿನ ಲೈಸೆನ್ಸ್ ಹಿಡಿದು ಆಲ್ಪ್ಸ್ ಹತ್ತುತ್ತೇನೆ ಎನ್ನುವ ಯೋಜನೆ ಕಾಗದದ ಮೇಲೇ ನಿಲ್ಲುವುದಿಲ್ಲ. ಏಪ್ರಿಲ್ ಸೆಮಿಸ್ಟರಿಗೆ ಹೋದವರಿಗೆ ಮಾತ್ರ ಬೇಸಿಗೆ ಪೂರ್ತಿ ಸಿಗುತ್ತದೆ.

ಅಕ್ಟೋಬರಿನವರಿಗೆ ಮೂರು ದಾರಿ ಉಳಿಯುತ್ತವೆ. ಒಂದು, ತರಗತಿ ಮುಗಿಯುವ ಫೆಬ್ರುವರಿ ಮಧ್ಯದಿಂದ ಮಾರ್ಚ್ ಕೊನೆಯವರೆಗಿನ ರಜೆಯಲ್ಲಿ ತಗ್ಗಿನ ದಾರಿಗಳಲ್ಲಿ ಹೋಗುವುದು: ರೈನ್ ಮತ್ತು ಮೋಸೆಲ್ ನದಿ ಕಣಿವೆ, ಬೋಡೆನ್ ಸರೋವರದ ಸುತ್ತು. ಎರಡು, ಗುಂಪಿನಲ್ಲಿ ಯುರೋಪಿಯನ್ ಒಕ್ಕೂಟದ ಲೈಸೆನ್ಸ್ ಇರುವ ಸಹಪಾಠಿಯನ್ನು ಸೇರಿಸಿಕೊಳ್ಳುವುದು. ಮೂರು, ಜರ್ಮನ್ ಲೈಸೆನ್ಸೇ ಮಾಡಿಸುವುದು. ಭಾರತದ ಲೈಸೆನ್ಸ್ ಇದ್ದವರು ಕಡ್ಡಾಯ ತರಗತಿಗಳಿಗೆ ಕೂರಬೇಕಿಲ್ಲ, ಆದರೆ ಲಿಖಿತ ಮತ್ತು ರಸ್ತೆ ಪರೀಕ್ಷೆ ಎರಡನ್ನೂ ಡ್ರೈವಿಂಗ್ ಸ್ಕೂಲಿನ ಮೂಲಕ ಪಾಸಾಗಬೇಕು. ಲಿಖಿತ ಪರೀಕ್ಷೆ ಇಂಗ್ಲಿಷಿನಲ್ಲೂ ಇದೆ. ಅರ್ಜಿಯ ಕಡತ ಮುಂದೆ ಹೋಗಲು ತಿಂಗಳುಗಳೇ ಹಿಡಿಯುತ್ತವೆ, ಹಾಗಾಗಿ ಬೇಸಿಗೆಗೆ ಬೇಕೆಂದರೆ ಡಿಸೆಂಬರಿನೊಳಗೆ ಅರ್ಜಿ ಹಾಕಿ. ಎರಡು ವರ್ಷ ಇರುವವರಿಗೆ ನನ್ನ ಸಲಹೆ ಮೂರನೆಯದೇ. ದುಬಾರಿ ನಿಜ, ಆದರೆ ಆ ಕಾರ್ಡ್ ಮುಂದೆ ಕೆಲಸಕ್ಕೂ ಬರುತ್ತದೆ.

ಆರು ತಿಂಗಳು ಮೀರಿದ ಮೇಲೂ "ಯಾರು ಕೇಳ್ತಾರೆ" ಎಂದು ಓಡಿಸುವುದನ್ನು ದಯವಿಟ್ಟು ಮಾಡಬೇಡಿ. ಜರ್ಮನ್ ಕಾನೂನಿನಲ್ಲಿ ಅದು ಲೈಸೆನ್ಸ್ ಇಲ್ಲದೆ ಓಡಿಸಿದ ಕ್ರಿಮಿನಲ್ ಅಪರಾಧ, ದಂಡ ಅಥವಾ ಒಂದು ವರ್ಷದವರೆಗೆ ಜೈಲು. ಅಪಘಾತವಾದರೆ ವಿಮೆಯವರು ಹಣವನ್ನು ನಿಮ್ಮಿಂದಲೇ ಕೇಳಬಹುದು. ಓದಲು ಹೋದವರ ವೀಸಾಕ್ಕೆ ಇಂಥ ದಾಖಲೆ ತಗುಲಿಕೊಳ್ಳಬಾರದು.

ಬ್ರಿಟನ್ನಿನಲ್ಲಿ ಓದುವವರಿಗೆ ಈ ಅವಧಿ 12 ತಿಂಗಳು, ಗಾಡಿ ಓಡಿಸುವುದೂ ನಮ್ಮಂತೆ ಎಡಬದಿಯಲ್ಲೇ. ಆದರೆ ಅಲ್ಲಿನ ವಿದ್ಯಾರ್ಥಿ ವೀಸಾದಲ್ಲಿ ಫ್ರಾನ್ಸ್, ಇಟಲಿಗೆ ಹೋಗಲಾಗುವುದಿಲ್ಲ, ಯುರೋಪಿನ ಹೆಚ್ಚಿನ ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ವೀಸಾ ಬೇರೆಯೇ ಬೇಕು.

ಹಂತ 3: ಕಾರ್ಡ್, ಕಾರು, ವಿಮೆ

ಕಾರಿಗಿಂತ ಮೊದಲು ಕಾರ್ಡ್. ಹೆಚ್ಚಿನ ಕಂಪನಿಗಳು ಮುಖ್ಯ ಚಾಲಕನ ಹೆಸರೇ ಅಚ್ಚಾಗಿರುವ ಕ್ರೆಡಿಟ್ ಕಾರ್ಡ್ ಕೇಳುತ್ತವೆ. ಜರ್ಮನ್ ಬ್ಯಾಂಕ್ ವಿದ್ಯಾರ್ಥಿಗೆ ಕೊಡುವುದು ಸಾಮಾನ್ಯವಾಗಿ ಡೆಬಿಟ್ ಕಾರ್ಡ್, ಅದು ಕೌಂಟರಿನಲ್ಲಿ ಹೆಚ್ಚಾಗಿ ನಡೆಯುವುದಿಲ್ಲ. ಅಪ್ಪನ ಕ್ರೆಡಿಟ್ ಕಾರ್ಡಿನ ಮೇಲೆ ನಿಮ್ಮ ಹೆಸರಿನ ಆ್ಯಡ್-ಆನ್ ಕಾರ್ಡ್ ಮಾಡಿಸಿ, ವಿದೇಶಿ ವಹಿವಾಟು ಚಾಲೂ ಮಾಡಿಸಿ, ಪಿನ್ ನೆನಪಿಟ್ಟುಕೊಂಡು ಹೋಗುವುದು ಸುಲಭದ ದಾರಿ. ಒಟಿಪಿ ಊರಿನ ನಂಬರಿಗೆ ಹೋಗುತ್ತದೆಯೇ ಎಂದೂ ನೋಡಿ.

ಕಾರು ಕೊಡುವಾಗ ಠೇವಣಿಯೆಂದು ನೂರಾರು ಯೂರೊ ಆ ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ. ವೀಸಾಕ್ಕಾಗಿ ಮೊದಲೇ ಹಣ ತುಂಬಿಟ್ಟ ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗೆ ಬರುವ 992 ಯೂರೊದಲ್ಲಿ ಬಾಡಿಗೆ, ಊಟ ಎಲ್ಲ ಆಗಬೇಕಾದವರು ಈ ಹಣ ವಾಪಸ್ ಬರಲು ದಿನಗಟ್ಟಲೆ ಕಾಯಬೇಕಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ. 25 ವರ್ಷದೊಳಗಿನವರಿಗೆ ದಿನಕ್ಕಿಷ್ಟು ಎಂದು ಹೆಚ್ಚುವರಿ ಶುಲ್ಕವಿದೆ. ವೆಬ್‌ಸೈಟಿನಲ್ಲಿ ಕಾಣುವ ಅಗ್ಗದ ದರದಲ್ಲಿ ಅದು ಸೇರಿರುವುದಿಲ್ಲ.

ವಿಮೆಯಲ್ಲಿ ನೋಡಬೇಕಾದ ಸಾಲು ಒಂದೇ: ಹಾನಿಯಾದರೆ ನೀವು ಕೈಯಿಂದ ಎಷ್ಟು ಕೊಡಬೇಕು? ಜರ್ಮನ್‌ನಲ್ಲಿ ಅದನ್ನು ಸೆಲ್ಬ್‌ಸ್ಟ್‌ಬೆಟೈಲಿಗುಂಗ್ ಎನ್ನುತ್ತಾರೆ. ಅದು ಸೊನ್ನೆ ಇರುವ ವಿಮೆಯನ್ನೇ ತೆಗೆದುಕೊಳ್ಳಿ, ಗಾಜು ಮತ್ತು ಟೈರು ಸೇರಿದೆಯೇ ಕೇಳಿ. ಓಡಿಸುವ ಪ್ರತಿಯೊಬ್ಬರ ಹೆಸರೂ ಕರಾರಿನಲ್ಲಿರಬೇಕು. ಎರಡನೇ ಚಾಲಕನ ಶುಲ್ಕ ಉಳಿಸಲು ಹೋಗಿ ಹೆಸರಿಲ್ಲದವರಿಗೆ ಸ್ಟೇರಿಂಗ್ ಕೊಟ್ಟರೆ, ಆ ಹೊತ್ತಿನಲ್ಲಿ ಆದ ಹಾನಿಗೆ ಕಾರಿನ ವಿಮೆ ಕೈಬಿಡುತ್ತದೆ.

ಯಾವ ಯಾವ ದೇಶಕ್ಕೆ ಕಾರು ಒಯ್ಯುತ್ತೀರೆಂದು ಬುಕ್ ಮಾಡುವಾಗಲೇ ಬರೆಸಿ. ನವೆಂಬರಿನಿಂದ ಏಪ್ರಿಲ್ ನಡುವೆ ಹೋಗುವವರು ಚಳಿಗಾಲದ ಟೈರನ್ನೂ ಬರೆಸಬೇಕು. ಟೈರಿನ ಮೇಲೆ ಪರ್ವತದೊಳಗೆ ಹಿಮದ ಹರಳಿನ ಗುರುತು ಇರಬೇಕು. 2024ರ ಅಕ್ಟೋಬರಿನಿಂದ ಜರ್ಮನಿಯಲ್ಲಿ ಬರೀ ಎಂ+ಎಸ್ (ಕೆಸರು ಮತ್ತು ಹಿಮ) ಎಂದಿರುವ ಟೈರು ಲೆಕ್ಕಕ್ಕಿಲ್ಲ.

ಹಂತ 4: ಗಡಿ ದಾಟುವ ಕಾಗದ

ಜರ್ಮನಿಯ ವಾಸದ ಪರವಾನಗಿ ಕಾರ್ಡ್ ಇದ್ದವರು ಬೇರೆ ಷೆಂಗೆನ್ ದೇಶಗಳಲ್ಲಿ 180 ದಿನಗಳಲ್ಲಿ 90 ದಿನ ಸುತ್ತಬಹುದು. ಕಾರ್ಡ್ ಮತ್ತು ಪಾಸ್‌ಪೋರ್ಟ್ ಎರಡೂ ಮೈಮೇಲಿರಲಿ, ಫೋಟೋಕಾಪಿ ನಡೆಯುವುದಿಲ್ಲ. ಗಡಿಯಲ್ಲಿ ತಪಾಸಣೆಯೇ ಇಲ್ಲ ಎಂಬ ಹಳೆಯ ಮಾತನ್ನು ನಂಬಬೇಡಿ. 2024ರ ಸೆಪ್ಟೆಂಬರಿನಲ್ಲಿ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲಿ ತಪಾಸಣೆ ಶುರು ಮಾಡಿತು.

ಎಚ್ಚರ ಬೇಕಾದ ಹೊತ್ತು ಒಂದಿದೆ: ಬರುವಾಗಿನ ವೀಸಾ ಮುಗಿದು, ಕಾರ್ಡ್ ಇನ್ನೂ ಕೈಗೆ ಬಾರದ ನಡುವಿನ ವಾರಗಳು. ಆಗ ಕೊಡುವ ತಾತ್ಕಾಲಿಕ ಪತ್ರಗಳಲ್ಲಿ ಎಲ್ಲವೂ ಹೊರಗೆ ಹೋಗಿ ವಾಪಸ್ ಬರಲು ಬಿಡುವುದಿಲ್ಲ. ವಿದೇಶಿಯರ ಕಚೇರಿಯಲ್ಲಿ ಕೇಳದೆ ಗಡಿ ದಾಟಬೇಡಿ. ಗುಂಪಿನಲ್ಲಿ ಒಬ್ಬರಿಗೆ ಹೀಗಿದ್ದರೂ ಆ ಸಲ ಜರ್ಮನಿಯೊಳಗೇ ಸುತ್ತಿ.

ಹಂತ 5: ದಾರಿ, ಟೋಲ್, ಆಮೇಲೆ ರೂಮು

ದಿನಕ್ಕೆ ನಾಲ್ಕೈದು ಗಂಟೆಗಿಂತ ಹೆಚ್ಚು ಚಾಲನೆ ಇಡಬೇಡಿ. ಶಿರಸಿಯಿಂದ ರಾತ್ರಿ ಬಸ್ಸು ಹತ್ತಿ ಬೆಳಗಾಗುವಾಗ ಬೆಂಗಳೂರಿನಲ್ಲಿ ಇಳಿದವರಿಗೆ ನಾನೂರು ಕಿಲೋಮೀಟರ್ ದೊಡ್ಡದಲ್ಲ ಅನ್ನಿಸುತ್ತದೆ. ಆದರೆ ಆ ಬಸ್ಸಿನಲ್ಲಿ ನಾವು ಮಲಗಿರುತ್ತೇವೆ. ಹೊಸ ರಸ್ತೆ, ಹೊಸ ಬದಿ, ಹೊಸ ಫಲಕಗಳ ನಡುವೆ ಕಣ್ಣು ಬೇಗ ಸೋಲುತ್ತದೆ. ಕರಾರಿನಲ್ಲಿ ಇಬ್ಬರ ಹೆಸರಿರಲಿ, ಎರಡು ಗಂಟೆಗೊಮ್ಮೆ ಕೈ ಬದಲಾಗಲಿ.

ಬೇಸಿಗೆಯಲ್ಲಿ, ಲೈಸೆನ್ಸಿನ ತೊಡಕಿಲ್ಲದವರಿಗೆ, ಒಳ್ಳೆಯ ಸುತ್ತೊಂದಿದೆ: ಮ್ಯೂನಿಕ್‌ನಿಂದ ಆಸ್ಟ್ರಿಯಾದ ಝೆಲ್ ಆಮ್ ಝೇ, ಅಲ್ಲಿಂದ ಗ್ರೋಸ್‌ಗ್ಲಾಕ್ನರ್ ಘಟ್ಟ ಹತ್ತಿ ಲಿಯೆನ್ಸ್‌ಗೆ ಇಳಿದು, ಇಟಲಿಯ ಡೊಲೊಮೈಟ್ಸ್ ನೋಡಿಕೊಂಡು ಬ್ರೆನ್ನರ್ ಮೂಲಕ ವಾಪಸ್. ಸಾಹಸದ ಪಾಲು ಗ್ಲಾಕ್ನರ್‌ನಲ್ಲಿದೆ: 48 ಕಿಲೋಮೀಟರ್ ಉದ್ದ, 36 ತಿರುವು, ರಸ್ತೆ 2,504 ಮೀಟರಿನಲ್ಲಿ ಶಿಖರದ ಸಾಲನ್ನು ದಾಟುತ್ತದೆ. ಅದಕ್ಕೆ ಪ್ರತ್ಯೇಕ ಟೋಲ್ ಇದೆ, ರಾತ್ರಿ ಮುಚ್ಚಿರುತ್ತದೆ. ಹೊರಡುವ ಬೆಳಿಗ್ಗೆ ತೆರೆದಿದೆಯೇ ನೋಡಿಕೊಳ್ಳಿ, ಜೂನಿನಲ್ಲೂ ಹಿಮ ಬೀಳುವುದುಂಟು.

ನಮ್ಮ ಫಾಸ್ಟ್ಯಾಗ್‌ನಂತೆ ಎಲ್ಲ ಕಡೆ ಒಂದೇ ಪದ್ಧತಿ ಅಲ್ಲಿಲ್ಲ. ಆಸ್ಟ್ರಿಯಾ ಮತ್ತು ಸ್ವಿಟ್ಜರ್ಲೆಂಡ್‌ನ ಹೆದ್ದಾರಿಗೆ ವಿನ್ಯೆಟ್ ಎಂಬ ಮುಂಗಡ ಚೀಟಿ ಬೇಕು. ಆಸ್ಟ್ರಿಯಾದಲ್ಲಿ ಒಂದು ದಿನದ್ದೂ ಸಿಗುತ್ತದೆ, ಸ್ವಿಟ್ಜರ್ಲೆಂಡ್‌ನಲ್ಲಿ ವರ್ಷದ್ದೊಂದೇ, 40 ಫ್ರಾಂಕ್. ಬ್ರೆನ್ನರ್ ಹೆದ್ದಾರಿಗೆ ವಿನ್ಯೆಟ್ ಬದಲು ಬೇರೆ ಟೋಲ್ ಇದೆ. ಇಟಲಿಯಲ್ಲಿ ಹೆದ್ದಾರಿ ಹತ್ತುವಾಗ ಟಿಕೆಟ್ ತೆಗೆದುಕೊಂಡು ಇಳಿಯುವಾಗ ಹಣ ಕೊಡಬೇಕು. ಹಳದಿ ಬಣ್ಣದ ಟೆಲಿಪಾಸ್ ಸಾಲಿಗೆ ಹೋಗಬೇಡಿ, ಅದು ಯಂತ್ರ ಇದ್ದವರಿಗೆ ಮಾತ್ರ. ಇಟಲಿಯ ಹಳೆಯ ಪೇಟೆಗಳಲ್ಲಿ ಝಡ್‌ಟಿಎಲ್ (ಅನುಮತಿ ಇದ್ದ ಗಾಡಿಗಳಿಗೆ ಮಾತ್ರ ಬಿಟ್ಟ ಪ್ರದೇಶ) ಎಂಬ ಫಲಕ ಕಂಡರೆ ಒಳಗೆ ಹೋಗಲೇಬೇಡಿ. ಕ್ಯಾಮೆರಾ ನಂಬರ್ ಹಿಡಿಯುತ್ತದೆ, ದಂಡದ ಕಾಗದ ತಿಂಗಳುಗಳ ನಂತರ ಬರುತ್ತದೆ, ಅದರ ಮೇಲೆ ಬಾಡಿಗೆ ಕಂಪನಿಯ ಶುಲ್ಕ ಬೇರೆ. ಹಾಗಾಗಿ ರೂಮು ಹುಡುಕುವಾಗ ಝಡ್‌ಟಿಎಲ್‌ನ ಹೊರಗೆ, ಪಾರ್ಕಿಂಗ್ ಇರುವ ಕಡೆ ಹುಡುಕಿ. ರೂಮು ಕೊನೆಗೆ ಎಂದದ್ದು ಇದಕ್ಕೇ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವಲಕ್ಕಿ, ಚಟ್ನಿಪುಡಿ, ಅಪ್ಪೆಮಿಡಿ ಇದ್ದರೆ ಸಸ್ಯಾಹಾರಿಗಳು ಹಳ್ಳಿಗಾಡಿನಲ್ಲೂ ಹಸಿದಿರುವುದಿಲ್ಲ.

ಹಂತ 6: ಕೀಲಿ ಕೈಗೆ ಬಂದ ಮೊದಲ ಗಂಟೆ

ಕಾರಿನ ನಾಲ್ಕೂ ಬದಿ, ಚಕ್ರದ ರಿಮ್, ಗಾಜು, ಚಾವಣಿ, ಮೀಟರ್, ಇಂಧನದ ಮುಳ್ಳು ಎಲ್ಲವನ್ನೂ ವಿಡಿಯೊ ಮಾಡಿ. ಹಳೆಯ ಗೀರು ಕಂಡರೆ ಅಲ್ಲೇ ಕಾಗದದಲ್ಲಿ ಬರೆಸಿ. ತ್ರಿಕೋನ ಫಲಕ, ಹೊಳೆಯುವ ಜಾಕೆಟ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮೂರೂ ಕಾರಿನಲ್ಲಿರುವುದು ಜರ್ಮನಿಯಲ್ಲಿ ಕಡ್ಡಾಯ.

ಇಂಧನ ಪೆಟ್ರೋಲೋ ಡೀಸೆಲ್ಲೋ ಕೇಳಿ, ಮುಚ್ಚಳದ ಒಳಗಿನ ಗುರುತು ನೋಡಿ. ಯುರೋಪಿನಲ್ಲಿ ಪೆಟ್ರೋಲಿಗೆ ವೃತ್ತದೊಳಗೆ ಇ5 ಅಥವಾ ಇ10, ಡೀಸೆಲ್ಲಿಗೆ ಚೌಕದೊಳಗೆ ಬಿ7 ಎಂದಿರುತ್ತದೆ. ಹೆಸರು ನಂಬಿದರೆ ಮೋಸ: ಇಟಲಿಯಲ್ಲಿ ಗ್ಯಾಸೋಲಿಯೊ ಅಂದರೆ ಡೀಸೆಲ್. ಬಂಕಿನಲ್ಲಿ ಹಾಕಿಕೊಡುವವರು ಹೆಚ್ಚಾಗಿ ಇರುವುದಿಲ್ಲ, ನೀವೇ ಹಾಕಿಕೊಳ್ಳಬೇಕು. ತಪ್ಪು ಇಂಧನ ಬಿದ್ದರೆ ಎಂಜಿನ್ ಚಾಲೂ ಮಾಡದೆ ಕಂಪನಿಗೆ ಫೋನ್ ಮಾಡಿ.

ಹಂತ 7: ಬಲಬದಿಯ ಅಭ್ಯಾಸ

ಸಾಧ್ಯವಾದರೆ ಕಾರನ್ನು ಶನಿವಾರ ಸಂಜೆಯೇ ತೆಗೆದುಕೊಳ್ಳಿ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ ಬೆಳಿಗ್ಗೆ ಊರಿನ ರಸ್ತೆಗಳೂ ಖಾಲಿ. ಒಂದು ಗಂಟೆ ಅಲ್ಲೇ ಸುತ್ತಿ.

ಎಡಗಡೆ ಕುಳಿತವರಿಗೆ ಕಾರಿನ ಬಲ ಅಂಚು ಎಲ್ಲಿದೆಯೆಂದು ಅಂದಾಜಾಗುವುದಿಲ್ಲ. ಕಾರು ತಾನಾಗಿ ಬಲಕ್ಕೆ ಸರಿದು ಕನ್ನಡಿ, ರಿಮ್ ಉಜ್ಜುತ್ತದೆ. ಪಕ್ಕದಲ್ಲಿ ಕೂತವರು "ಬಲಕ್ಕೆ ಹೋಯ್ತು" ಎಂದು ಹೇಳುತ್ತಿರಬೇಕು, ಅದು ಅವರ ಕೆಲಸ. ಗೇರ್ ಬಲಗೈಗೆ ಬರುತ್ತದೆ, ಇಂಡಿಕೇಟರ್ ಎಡಗೈಗೆ. ಪೆಡಲ್‌ಗಳ ಸಾಲು ನಮ್ಮದೇ.

ತಪ್ಪುವ ಜಾಗಗಳು ಗೊತ್ತಿದ್ದದ್ದೇ: ಬಂಕಿನಿಂದ ಹೊರಬರುವಾಗ, ಖಾಲಿ ರಸ್ತೆಯಲ್ಲಿ ಎಡಕ್ಕೆ ತಿರುಗುವಾಗ, ಬೆಳಗಿನ ಮೊದಲ ಐದು ನಿಮಿಷದಲ್ಲಿ. ದಟ್ಟಣೆಯಲ್ಲಿ ಮುಂದಿನ ಕಾರನ್ನು ಹಿಂಬಾಲಿಸುತ್ತೇವೆ. ಯಾರೂ ಇಲ್ಲದಾಗ ಕೈ ಹಳೆಯ ಬದಿಗೇ ಎಳೆಯುತ್ತದೆ.

ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವ ಗಾಡಿಗೆ ಮೊದಲ ಹಕ್ಕು. ಅದು ಓಣಿಯಿಂದ ಬಂದರೂ ನೀವು ನಿಲ್ಲಬೇಕು. ಜರ್ಮನ್ ಹೆದ್ದಾರಿಯಾದ ಔಟೋಬಾನ್‌ನಲ್ಲಿ ಬಲ ಸಾಲಿನಲ್ಲಿ ಹೋಗಿ, ಎಡದಿಂದ ಮಾತ್ರ ಹಿಂದಿಕ್ಕಿ, ಮತ್ತೆ ಬಲಕ್ಕೆ ಬನ್ನಿ. ಹೆದ್ದಾರಿ 66ರಲ್ಲಿ ಲಾರಿಯ ಯಾವ ಬದಿ ಸಂದು ಸಿಕ್ಕರೂ ನುಗ್ಗುವ ರೂಢಿ ಅಲ್ಲಿ ಪ್ರಾಣಕ್ಕೆ ಕುತ್ತು. ವೇಗಕ್ಕೆ ಮಿತಿಯಿಲ್ಲದ ಭಾಗದಲ್ಲೂ 130ರ ಸಲಹೆಯಿದೆ, ನೀವು ಅದಕ್ಕಿಂತ ಕೆಳಗೇ ಇರಿ. ಗಾಡಿಗಳು ನಿಧಾನವಾಗಿ ನಿಲ್ಲತೊಡಗಿದರೆ ಎಡ ಸಾಲಿನವರು ಪೂರ್ತಿ ಎಡಕ್ಕೆ, ಉಳಿದವರು ಬಲಕ್ಕೆ ಸರಿದು ಆಂಬುಲೆನ್ಸಿಗೆ ನಡುವೆ ದಾರಿ ಬಿಡಬೇಕು. ಆಂಬುಲೆನ್ಸ್ ಕಾಣುವ ತನಕ ಕಾಯುವಂತಿಲ್ಲ.

ಮೊಬೈಲ್ ಹಿಡಿದು ಓಡಿಸಿದರೆ 100 ಯೂರೊ ದಂಡ ಮತ್ತು ಚಾಲಕರ ದಾಖಲೆಯಲ್ಲಿ ತಪ್ಪಿಗೆ ಒಂದು ಪಾಯಿಂಟ್. 21 ವರ್ಷದೊಳಗಿನ ಚಾಲಕರಿಗೆ ಒಂದು ಗುಟುಕು ಬಿಯರ್ ಕೂಡ ನಿಷಿದ್ಧ. ವಯಸ್ಸು ಎಷ್ಟೇ ಇರಲಿ, ಓಡಿಸುವವರು ಕುಡಿಯುವುದು ಬೇಡ.

ಹಂತ 8: ಘಟ್ಟ ಹತ್ತುವುದು, ಇಳಿಯುವುದು

ಇಲ್ಲಿ ನಮ್ಮ ಜಿಲ್ಲೆಯವರಿಗೆ ಅನುಕೂಲವಿದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂದು ನಮ್ಮ ಲಾರಿ ಚಾಲಕರು ಹೇಳುವ ಮಾತು ಗ್ಲಾಕ್ನರ್‌ಗೂ ಸರಿ. ಎರಡನೇ ಗೇರಿನಲ್ಲಿ ಎಂಜಿನ್ ಕಾರನ್ನು ತಡೆಯಲಿ. ತಿರುವಿನ ಮೊದಲು ಗಟ್ಟಿಯಾಗಿ ಬ್ರೇಕ್ ಒತ್ತಿ ಬಿಟ್ಟುಬಿಡಿ, ಉದ್ದಕ್ಕೂ ಕಾಲಿಟ್ಟುಕೊಂಡು ಇಳಿಯಬೇಡಿ. ಆಟೊಮ್ಯಾಟಿಕ್ ಕಾರಾದರೆ ಮ್ಯಾನುಯಲ್ ಮೋಡ್‌ಗೆ ಹಾಕಿ. ಅದು ಹೇಗೆಂದು ಹತ್ತುವ ಮೊದಲೇ ತಿಳಿದಿರಲಿ.

ಸುಟ್ಟ ವಾಸನೆ, ಪೆಡಲ್ ಮೆತ್ತಗಾಗಿ ಹೆಚ್ಚು ಆಳಕ್ಕೆ ಇಳಿಯುವುದು, ಚಕ್ರದಿಂದ ಹೊಗೆ, ಇವು ಬ್ರೇಕ್ ಸೋಲುತ್ತಿರುವ ಲಕ್ಷಣ. ಮೊದಲು ಸಿಕ್ಕ ನಿಲುಗಡೆಯಲ್ಲಿ ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಡಿ. ಚಕ್ರಕ್ಕೆ ನೀರು ಸುರಿಯಬೇಡಿ.

ಇಕ್ಕಟ್ಟಿನಲ್ಲಿ ಹತ್ತುವ ಗಾಡಿಗೆ ದಾರಿ ಬಿಡುವುದು ಅಲ್ಲೂ ರೂಢಿ. ಸ್ವಿಟ್ಜರ್ಲೆಂಡ್‌ನಲ್ಲಿ ಮೂರು ಸ್ವರದ ಹಾರ್ನ್ ಕೇಳಿದರೆ ಅದು ಹಳದಿ ಅಂಚೆ ಬಸ್ಸು, ಅಂಚೆ ರಸ್ತೆಯೆಂಬ ಫಲಕವಿರುವ ಘಟ್ಟದಲ್ಲಿ ಅದಕ್ಕೇ ಮೊದಲ ಹಕ್ಕು, ಅದರ ಚಾಲಕ ತೋರಿಸಿದಂತೆ ಸರಿಯಿರಿ.

ಮಳೆಯ ನಂತರ ಕಡಿದಾದ ಗೋಡೆಯ ಕೆಳಗೆ ಫೋಟೊಕ್ಕೆಂದು ನಿಲ್ಲಬೇಡಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಜಾರಿದ್ದನ್ನು ಕಂಡ ಜಿಲ್ಲೆ ನಮ್ಮದು. ರಸ್ತೆಯಲ್ಲಿ ಸಣ್ಣ ಕಲ್ಲುಗಳು ಹರಡಿರುವುದು, ಗೋಡೆಯಿಂದ ಕೆಸರು ನೀರು ಒಸರುವುದು, ಮರಗಳು ರಸ್ತೆಗೆ ವಾಲಿರುವುದು ಕಂಡರೆ ನಿಲ್ಲದೆ ದಾಟಿ ಅಥವಾ ಹಿಂತಿರುಗಿ.

ನಮಗೆ ಹೊಸದು ಮಂಜುಗಡ್ಡೆ. ಮೀಟರಿನಲ್ಲಿ ಹೊರಗಿನ ಉಷ್ಣತೆ 3 ಡಿಗ್ರಿಗೆ ಇಳಿದರೆ ರಸ್ತೆ ಬರೀ ಒದ್ದೆಯಾಗಿ ಕಂಡರೂ ಜಾರಬಹುದು ಎಂದು ತಿಳಿಯಿರಿ. ಸೇತುವೆಯ ಮೇಲೆ, ಕಾಡಿನ ನೆರಳಿನಲ್ಲಿ ಅದು ಮೊದಲು ಕಟ್ಟುತ್ತದೆ. ಮುಸ್ಸಂಜೆ, ಮುಂಜಾವಿನಲ್ಲಿ ಜಿಂಕೆ ಅಡ್ಡ ಬರುತ್ತದೆ, ಅಣಶಿ ರಸ್ತೆಯಲ್ಲಿ ಕಡವೆ ಬರುವ ಹೊತ್ತಿನಲ್ಲೇ. ಡಿಕ್ಕಿಯಾದರೆ ಮುಟ್ಟದೆ ಪೊಲೀಸರನ್ನು ಕರೆಯಿರಿ.

ಕಾರು ಬಿಟ್ಟು ಗುಡ್ಡ ಹತ್ತುವ ಯೋಚನೆಯಿದ್ದರೆ ಪರ್ವತ ರಕ್ಷಣೆಯ ವಿಮೆ ಬೇರೆ ಮಾಡಿಸಿ. ಹೆಲಿಕಾಪ್ಟರಿನಲ್ಲಿ ಇಳಿಸಿದ ಖರ್ಚನ್ನು ವಿದ್ಯಾರ್ಥಿಯ ಮಾಮೂಲಿ ಆರೋಗ್ಯ ವಿಮೆ ಭರಿಸುತ್ತದೆ ಎಂದು ನೆಚ್ಚಬೇಡಿ.

ಹಂತ 9: ಏನಾದರೂ ಆದರೆ

ಯುರೋಪಿಯನ್ ಒಕ್ಕೂಟದ ಎಲ್ಲೇ ಇರಲಿ, 112ಕ್ಕೆ ಕರೆ ಮಾಡಿ. ಜಾಕೆಟ್ ಹಾಕಿಕೊಂಡು ಇಳಿಯಿರಿ, ಎಲ್ಲರೂ ತಡೆಬೇಲಿಯ ಆಚೆ ನಿಲ್ಲಿ, ಆಮೇಲೆ ತ್ರಿಕೋನ ಇಡಿ. ಬಾಡಿಗೆ ಕಾರಿಗೆ ಸಣ್ಣ ಗೀರು ಬಿದ್ದರೂ ಪೊಲೀಸರನ್ನು ಕರೆಸಬೇಕೆಂದು ಹೆಚ್ಚಿನ ಕರಾರುಗಳಲ್ಲಿರುತ್ತದೆ. "ಪರವಾಗಿಲ್ಲ, ಹೋಗಿ" ಎಂದು ಎದುರಿನವರು ಹೇಳಿದರೂ ವರದಿ ಇಲ್ಲದೆ ಹೊರಡಬೇಡಿ.

ಹೊರಡುವ ಮೊದಲೇ ಪಾಸ್‌ಪೋರ್ಟ್, ವಾಸದ ಕಾರ್ಡ್, ಕಾರಿನ ಕರಾರು, ದಿನದಿನದ ದಾರಿ ಇವುಗಳ ಪ್ರತಿಯನ್ನು ಆಯಿಗೋ ಅಪ್ಪನಿಗೋ ಕಳಿಸಿ. ಬೇಸಿಗೆಯಲ್ಲಿ ನಾವು ಮೂರೂವರೆ ಗಂಟೆ ಮುಂದಿರುತ್ತೇವೆ, ಚಳಿಗಾಲದಲ್ಲಿ ನಾಲ್ಕೂವರೆ. ಅವರು ಮಲಗುವ ಮುಂಚೆ ಮುಟ್ಟಿದೆವೆಂದು ಒಂದು ಸಂದೇಶ ಹೋಗಲಿ. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರು, ಆಮೇಲೆ ಹತ್ತಿರದ ಭಾರತೀಯ ಕಚೇರಿ. ಜರ್ಮನಿಯಲ್ಲಿ ಬರ್ಲಿನ್‌ನ ರಾಯಭಾರ ಕಚೇರಿಯಲ್ಲದೆ ಮ್ಯೂನಿಕ್, ಫ್ರಾಂಕ್‌ಫರ್ಟ್, ಹ್ಯಾಂಬರ್ಗ್‌ನಲ್ಲಿ ದೂತಾವಾಸಗಳಿವೆ.

ಗುಂಪಿನಲ್ಲಿ ಮೊದಲೇ ಒಪ್ಪಿಕೊಳ್ಳಬೇಕಾದ ಮಾತು ಒಂದು: ಓಡಿಸುವವರು "ಸಾಕಾಯ್ತು, ನಿಲ್ಲಿಸ್ತೀನಿ" ಎಂದರೆ ಯಾರೂ ಒತ್ತಾಯ ಮಾಡುವಂತಿಲ್ಲ.

ಹಂತ 10: ಕಾರು ಹಿಂತಿರುಗಿಸುವುದು

ಕಚೇರಿ ತೆರೆದಿರುವ ಹೊತ್ತಿಗೇ ಹೋಗಿ. ಹತ್ತಿರದ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ರಸೀದಿ ಇಟ್ಟುಕೊಳ್ಳಿ. ಮತ್ತೆ ಪೂರ್ತಿ ವಿಡಿಯೊ ಮಾಡಿ, ಹಾನಿಯಿಲ್ಲವೆಂದು ಬರೆಸಿಕೊಂಡು ಬನ್ನಿ. ಕೀಲಿಯನ್ನು ಪೆಟ್ಟಿಗೆಗೆ ಹಾಕಿ ಹೋದರೆ, ಅವರು ಬಂದು ನೋಡುವವರೆಗೆ ಕಾರಿಗೆ ಏನಾದರೂ ಆದರೂ ನಿಮ್ಮ ತಲೆಗೇ ಬರುತ್ತದೆ.

ಗೆಳೆಯರ ಲೆಕ್ಕವನ್ನು ಅಂದೇ ಪೂರ್ತಿ ಚುಕ್ತಾ ಮಾಡಬೇಡಿ. ಠೇವಣಿ ಬಿಡುಗಡೆಯಾಗಬೇಕು, ದಂಡದ ಕಾಗದ ಬರಬಹುದು, ಅದು ಬರುವುದು ಮುಖ್ಯ ಚಾಲಕನ ಹೆಸರಿಗೆ. ದಂಡ ಬಂದರೆ ಹೇಗೆ ಹಂಚಿಕೊಳ್ಳುವುದೆಂದು ಮೊದಲೇ ಮಾತಾಡಿ, ವಿಡಿಯೊ ಮತ್ತು ರಸೀದಿಗಳನ್ನು ಒಂದು ವರ್ಷ ಅಳಿಸದೆ ಇಡಿ.